ರೆಸಲ್ಯೂಟ್ ಅಂದರೆ ಹಠವಲ್ಲ

ಅಕ್ಕೋರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವಳು ಅವರ ಹಳೆಯ ವಿದ್ಯಾರ್ಥಿನಿ. ಕೊಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ ಕೂಡ್ಲಿಗಿ ಬಸ್ಸಿಗೆ ಕಾಯುತ್ತಿದ್ದೆ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡ ಹೆಂಗಸೊಬ್ಬಳು ಎದುರಿಗೆ ಬಂದು ನಿಂತಳು. ನನಗೆ ಗುರುತು ಹತ್ತಲಿಲ್ಲ. ತಾನೇ ಯಾವ ಬೆಂಚಿನಲ್ಲಿ ಕೂರುತ್ತಿದ್ದೆ ಎಂದೆಲ್ಲ ಹೇಳಿ ನೆನಪು ಮಾಡಿಕೊಟ್ಟಳು. ಆಮೇಲೆ ದನಿ ತಗ್ಗಿಸಿ, "ಇಂಗ್ಲಿಷ್ ಅಕ್ಕೋರು ಹೋಗಿಬಿಟ್ರಂತ್ರಿ, ಹಡಗಲಿ ದವಾಖಾನ್ಯಾಗ," ಎಂದಳು. ಅದರ ಹಿಂದೆಯೇ, ಏನಾದರೂ ಒಳ್ಳೆಯದು ಹೇಳಬೇಕೆಂದುಕೊಂಡು, ಶಾಲೆಯಲ್ಲಿ ಕಲಿತ ಪದವೊಂದನ್ನು ಹುಡುಕಿ ತೆಗೆದಳು: "ಭಾಳ ರೆಸಲ್ಯೂಟ್ ಇದ್ರು ನೋಡ್ರಿ."

ಇಷ್ಟು ವರ್ಷದ ಮೇಲೂ ಪದ ನೆನಪಿತ್ತಲ್ಲ ಎಂದು ಖುಷಿಪಡಬೇಕಾಗಿತ್ತು. ಆದರೆ ಅಕ್ಕೋರು ಇದ್ದಿದ್ದರೆ ಆ ವಾಕ್ಯವನ್ನು ಅಲ್ಲೇ ತಿದ್ದುತ್ತಿದ್ದರು. ಆ ಪದವನ್ನು ಅವರಷ್ಟು ಚೆನ್ನಾಗಿ ಯಾರೂ ಕಲಿಸಲಿಲ್ಲ. ಅದನ್ನು ತಮಗೆ ಯಾರಾದರೂ ಅಂಟಿಸಿದರೆ ಮಾತ್ರ ಅವರ ಮುಖ ಕಪ್ಪಿಡುತ್ತಿತ್ತು.

ಎಪ್ಪತ್ತರ ದಶಕದ ನಡುವೆ ನಾನು ಕೂಡ್ಲಿಗಿಯ ಆ ಶಾಲೆಗೆ ವಿಜ್ಞಾನ ಹೇಳಲು ಸೇರಿದಾಗ ಅವರು ಅಲ್ಲಿ ಆಗಲೇ ಹಳಬರು. ನಮ್ಮ ಕಡೆ ಪಾಠ ಹೇಳುವ ಹೆಂಗಸರೆಲ್ಲ ಅಕ್ಕೋರೇ. ಇವರು ಇಂಗ್ಲಿಷ್ ಅಕ್ಕೋರು, ನಾನು ಸೈನ್ಸಿನ ಅಕ್ಕೋರು. ಎತ್ತರದ ಆಳು, ಒಣಕಲು ಮೈ. ಬಿಸಿಲಿನಲ್ಲಿ ಕೊಡೆ ಹಿಡಿಯುತ್ತಿರಲಿಲ್ಲ. ತಲೆಗೆ ಹೂ ಮುಡಿಯುತ್ತಿರಲಿಲ್ಲ. ಹಡಗಲಿಯ ಮಲ್ಲಿಗೆ ಬೆಳಗಿನ ಬಸ್ಸಿಗೆ ಬಂದಿಳಿದರೆ ನಾವೆಲ್ಲ ಮೊಳ ಅಳೆಸಿಕೊಂಡು ಮುಡಿದು ಶಾಲೆಗೆ ಹೋಗುತ್ತಿದ್ದೆವು. ಅವರು ಹೂವಿನವಳ ಮುಂದೆ ಹಾದುಹೋಗುವಾಗ ಹೆಜ್ಜೆ ಜೋರು ಮಾಡುತ್ತಿದ್ದರು. ಅದು ಬಿಗುಮಾನವೆಂದು ನಾನು ತಿಳಿದಿದ್ದೆ.

ಅವರ ಮಾತಿನಲ್ಲಿ ಸುತ್ತುಬಳಸು ಇರಲಿಲ್ಲ. ಒಮ್ಮೆ ಅವರು ಮನೆ ಬದಲಿಸಬೇಕಾಗಿ ಬಾಡಿಗೆಗೆ ಹುಡುಕುವಾಗ ನಾನು ಜೊತೆಗೆ ಹೋಗಿದ್ದೆ. ಮನೆಯವರು ನೀರು ಕೊಟ್ಟು, ಊರು ಕೇಳಿ, ಅಪ್ಪನ ಹೆಸರು ಕೇಳಿ, ಮೆಲ್ಲಗೆ ಜಾತಿಗೆ ಬರುವ ಮೊದಲೇ ಇವರು ಬಾಗಿಲಲ್ಲೇ ನಿಂತು ಹೇಳಿಬಿಡುತ್ತಿದ್ದರು: ನಾವು ಹೊಲಗೇರಿಯವರು, ಕೊಡ್ತೀರೋ ಇಲ್ಲೋ ಈಗಲೇ ಹೇಳಿರಿ, ಬಿಸಿಲಲ್ಲಿ ನಿಲ್ಲಿಸಬೇಡಿರಿ. ಮೂರ್ನಾಲ್ಕು ಬಾಗಿಲು ಮುಚ್ಚಿದ ಮೇಲೆ ಗಾಡಿ ಗಾಲಿ ಮಾಡುವ ಸಾಬರೊಬ್ಬರು ತಮ್ಮ ಹಿತ್ತಲಿನ ಕೋಣೆ ಕೊಟ್ಟರು. ಆಮೇಲೆ ಕೂಡ್ಲಿಗಿಯಲ್ಲಿದ್ದಷ್ಟು ವರ್ಷವೂ ಅಕ್ಕೋರು ಅಲ್ಲೇ ಇದ್ದರು.

ಇನ್ನೊಂದು ಸಂಗತಿ ನನಗೆ ವಿಚಿತ್ರವೆನಿಸುತ್ತಿತ್ತು. ನಮ್ಮ ಕಡೆ ಹಿರಿಯ ಹೆಂಗಸರು ತಮಗಿಂತ ಚಿಕ್ಕವರನ್ನೆಲ್ಲ ತಂಗಿ ಎಂದು ಕರೆಯುತ್ತಾರೆ. ಸಂತೆಯಲ್ಲಿ ಉಳ್ಳಾಗಡ್ಡಿ ಮಾರುವವಳೂ ನನ್ನನ್ನು ತಂಗೀ ಎನ್ನುತ್ತಿದ್ದಳು. ಅಕ್ಕೋರು ಮಾತ್ರ ಒಮ್ಮೆಯೂ ಎನ್ನಲಿಲ್ಲ. ಅಷ್ಟು ಹತ್ತಿರವಾದ ಮೇಲೂ "ನೋಡ್ರಿ, ಏನ್ರಿ" ಎಂದೇ ಮಾತಾಡುತ್ತಿದ್ದರು.

ಅವರ ತರಗತಿಗೂ ನನ್ನ ತರಗತಿಗೂ ನಡುವೆ ಇದ್ದದ್ದು ಒಂದು ತಡಿಕೆ. ನನ್ನ ಹುಡುಗಿಯರು ಬರೆಯುತ್ತ ಕೂತಾಗ ಅವರ ಪಾಠ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಹೊಸ ಪದ ಬಂದರೆ ಅವರು ಮೊದಲು ಅರ್ಥ ಹೇಳುತ್ತಿರಲಿಲ್ಲ. ಆ ಪದ ಎಲ್ಲೆಲ್ಲಿ ಹೊಂದುವುದಿಲ್ಲ ಎಂಬುದನ್ನು ತೋರಿಸುತ್ತ ಬಂದು, ಕೊನೆಗೆ ಉಳಿದ ಜಾಗದಲ್ಲಿ ಅದನ್ನು ಕೂರಿಸುತ್ತಿದ್ದರು. ಅಂದು ಬಿರುಗಾಳಿಗೆ ಸಿಕ್ಕ ಹಡಗಿನ ಪಾಠ. ಹಡಗಿನ ಯಜಮಾನ ರೆಸಲ್ಯೂಟ್ ಆಗಿದ್ದ ಎಂಬಲ್ಲಿ ಅವರು ನಿಂತರು. ಹುಡುಗಿಯರು ಗಟ್ಟಿ ಮನಸ್ಸು ಎಂದರು, ಹಠ ಎಂದರು. ಹಾಗಾದರೆ ಗುಡೇಕೋಟೆ ಗುಡ್ಡದ ಬಂಡೆಗೆ ಈ ಪದ ಅನ್ನಬಹುದಾ ಎಂದು ಅವರು ಕೇಳಿದರು. ಅನ್ನಬಹುದು, ಅದು ಅಲ್ಲಾಡುವುದಿಲ್ಲವಲ್ಲ ಎಂದಳು ಒಬ್ಬಳು.

"ಬಂಡೆಗಲ್ಲಿಗೆ ಅಂಜಿಕಿ ಇಲ್ಲ," ಎಂದರು ಅಕ್ಕೋರು. "ಓಡಿ ಹೋಗಬೇಕು ಅಂತ ಅದಕ್ಕ ಅನಸೋದಿಲ್ಲ. ಓಡಿ ಹೋಗಬೇಕು ಅನಸಿದ್ರೂ ನಿಂತವರಿಗೆ ಮಾತ್ರ ಈ ಪದ."

ಆಮೇಲೆ ಹಠದ ಸರದಿ ಬಂತು. ಕೂಸು ಮಿಠಾಯಿ ಬೇಕೆಂದು ನೆಲಕ್ಕೆ ಬಿದ್ದು ಹೊರಳುತ್ತದೆ, ಯಾಕೆ ಬೇಕು, ಅದರಿಂದ ಯಾರಿಗೆ ಏನಾಗುತ್ತದೆ ಅದಕ್ಕೆ ಗೊತ್ತಿಲ್ಲ, ಅದು ಹಠ. ಯಾಕೆಂದು ಗೊತ್ತಿದ್ದು, ಏನು ಕಳೆದುಕೊಳ್ಳುತ್ತೇನೆ ಎಂಬುದೂ ಗೊತ್ತಿದ್ದು ನಿಂತರೆ ರೆಸಲ್ಯೂಟ್. ಮನುಷ್ಯನಿಗೆ ಹೇಳಬಹುದು, ಮುಖಕ್ಕೆ ಹೇಳಬಹುದು, ಒಲ್ಲೆ ಎಂಬ ಮಾತಿಗೂ ಹೇಳಬಹುದು. ಆದರೆ ನಾನು ರೆಸಲ್ಯೂಟ್ ಎಂದು ಯಾರೂ ತಮ್ಮ ಬಗ್ಗೆ ತಾವೇ ಬರೆಯಬಾರದು. ವ್ಯಾಕರಣ ತಪ್ಪಾಗುವುದಿಲ್ಲ, ಆದರೂ ಬರೆಯಬಾರದು. ಪಕ್ಕದಲ್ಲಿ ನಿಂತು ನೋಡಿದವರು ಹೇಳಬೇಕಾದ ಪದ ಅದು. ಹುಡುಗಿಯೊಬ್ಬಳು ಧೈರ್ಯ ಮಾಡಿ, ನಾವು ನಿಮಗೆ ಹೇಳಬಹುದಾ ಎಂದು ಕೇಳಿದಳು. ತಡಿಕೆಯ ಆಚೆ ಡಸ್ಟರಿನಿಂದ ಬೋರ್ಡು ಒರೆಸುವ ಸಪ್ಪಳ ಕೇಳಿತು.

ಆ ವರ್ಷವೇ ಶಾಲೆಯ ಒಂದು ಸಮಾರಂಭದಲ್ಲಿ ಹೆಡ್‌ಮಾಸ್ತರರು ಅಕ್ಕೋರನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಕಷ್ಟದ ಮನೆಯಲ್ಲಿ ಹುಟ್ಟಿ, ಕೆಟ್ಟ ಪದ್ಧತಿಗೆ ಬೆನ್ನು ತಿರುಗಿಸಿ ಓದಿದ ಹೆಣ್ಣುಮಗಳು ಎಂದು ಭಾಷಣ ಮಾಡಿದರು. ಅವರಿಗೂ ಅದೇ ಇಂಗ್ಲಿಷ್ ಪದ ಬೇಕಾಯಿತು. ಚಪ್ಪಾಳೆ ನಿಲ್ಲುವ ಮೊದಲೇ ಅಕ್ಕೋರು ವೇದಿಕೆ ಇಳಿದು ಹಿಂದಿನ ಬಾಗಿಲಿಂದ ಹೊರಗೆ ಹೋದರು. ಮರುದಿನ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ಕೂತಾಗ ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದೆ. ಅವತ್ತು ಅವರು ಹೇಳಿದರು.

ಅವರ ಊರು ಗುಡೇಕೋಟೆಯ ಕಡೆ, ಬಂಡೆಗಳ ನಡುವಿನ ಒಂದು ಸಣ್ಣ ಹಳ್ಳಿ. ಅವರ ತಾಯಿ ಬಸವಿ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಒಬ್ಬ ಮಗಳನ್ನು ದೇವಿಯ ಹೆಸರಿನಲ್ಲಿ ಬಸವಿ ಬಿಡುವುದು ಅಲ್ಲಿನ ರೂಢಿ. ಕೊರಳಿಗೆ ಕೆಂಪು ಬಿಳಿ ಮುತ್ತು ಕಟ್ಟಿದರೆ ಮುಗಿಯಿತು. ಅವಳಿಗೆ ಮದುವೆಯಿಲ್ಲ. ಮಗನಂತೆ ಮನೆಯಲ್ಲೇ ಉಳಿದು ಹೆತ್ತವರನ್ನು ಸಾಕಬೇಕು. ಅವಳ ಬಾಗಿಲಿಗೆ ಯಾರು ಬರಬೇಕೆಂಬುದನ್ನು ಊರಿನ ಉಳ್ಳವರು ಹೇಳುತ್ತಾರೆ. ಆ ತಾಯಿಗೆ ಇಬ್ಬರು ಹೆಣ್ಣುಮಕ್ಕಳು. ದೇವಿಗೆ ಹರಕೆ ಹೇಳಿಕೊಂಡಿದ್ದು ಹಿರಿಯವಳ ಹೆಸರು, ಎಂದರೆ ಇವರದು. ಇವರಿಗೆ ಆಗ ಹನ್ನೊಂದೋ ಹನ್ನೆರಡೋ. ಮುತ್ತು ಕಟ್ಟುವ ದಿನ ಬಾಗಿಲ ಚೌಕಟ್ಟನ್ನು ಅಪ್ಪಿ ಹಿಡಿದರು, ಹೊಡೆದರೂ ಬಿಡಲಿಲ್ಲ, ಊಟ ಬಿಟ್ಟರು, ಕೊನೆಗೆ ಊರ ಶಾಲೆಯ ಮಾಸ್ತರ ನಡುವೆ ಬಂದು ಬಳ್ಳಾರಿಯ ಒಂದು ಹಾಸ್ಟೆಲಿಗೆ ಸೇರಿಸಿದರು. ಅಲ್ಲಿ ಅವರ ಕಥೆ ಕೇಳಿದ ದೊಡ್ಡ ಅಕ್ಕೋರು ಗಲ್ಲ ಹಿಡಿದು ಆ ಪದ ಹೇಳಿದ್ದರಂತೆ. ಇವರು ಕಲಿತ ಮೊದಮೊದಲ ಇಂಗ್ಲಿಷ್ ಪದಗಳಲ್ಲಿ ಅದೂ ಒಂದು. ಬಹಳ ಹೆಮ್ಮೆಯಾಗಿತ್ತಂತೆ.

ರಜೆಗೆ ಊರಿಗೆ ಹೋದಾಗ ತಂಗಿ ದುರುಗವ್ವ ಓಡುತ್ತ ಬಾವಿಯ ತನಕ ಎದುರು ಬಂದಳು. ಎಂಟು ವರ್ಷದ ಹುಡುಗಿ. ಕೊರಳಲ್ಲಿ ಮುತ್ತಿನ ಸರ. "ಅಕ್ಕಾ, ನೋಡು, ನನಗ ಹೊಸ ಸೀರಿ ತಂದಾರ," ಎಂದು ಕುಣಿಯುತ್ತಿದ್ದಳಂತೆ.

ಬುತ್ತಿ ಹಾಗೇ ಇತ್ತು. ಅಕ್ಕೋರು ರೊಟ್ಟಿ ಮುರಿದು ಕೈಯಲ್ಲಿ ಹಿಡಿದುಕೊಂಡಿದ್ದರು.

"ನಾ ಒಲ್ಲೆ ಅಂದದ್ದಕ್ಕ ಎಲ್ಲಾರೂ ಒಂದು ಪದ ಕೊಟ್ರು," ಎಂದರು. "ಅಕಿಗೆ ಒಲ್ಲೆ ಅನ್ನಾಕ ಬರಲಿಲ್ಲ. ಅಕಿಗೆ ಯಾವ ಪದ ಐತ್ರಿ?"

ಯಾರನ್ನೂ ತಂಗಿ ಎಂದು ಅವರು ಯಾಕೆ ಕರೆಯುವುದಿಲ್ಲ, ಹೂ ಯಾಕೆ ಮುಡಿಯುವುದಿಲ್ಲ ಎಂದು ಅವತ್ತು ನನಗೆ ಗೊತ್ತಾಯಿತು. ಆ ಮಾತನ್ನು ಮತ್ತೆ ಎತ್ತಲಿಲ್ಲ.

ಕೆಲವು ವರ್ಷಗಳ ಮೇಲೆ, ಬಸವಿ ಬಿಡುವುದರ ವಿರುದ್ಧ ಸರ್ಕಾರ ಕಾನೂನು ತಂದು ಹೆಚ್ಚು ದಿನವಾಗಿರಲಿಲ್ಲ, ದುರುಗವ್ವ ಶಾಲೆಗೆ ಬಂದಳು. ಅಕ್ಕನ ಎತ್ತರವಿಲ್ಲ, ಅದೇ ಮುಖ. ಕೆಮ್ಮುತ್ತಿದ್ದಳು. ಒಳಗೆ ಕರೆದರೂ ಬಾರದೆ ಧ್ವಜದ ಕಟ್ಟೆಯ ನೆರಳಿನಲ್ಲಿ ಕೂತಳು. ಅವಳ ಮಗಳು ಹುಲಿಗೆಮ್ಮನಿಗೆ ಹನ್ನೆರಡು ತುಂಬಿತ್ತು. ಬರುವ ಹುಣ್ಣಿಮೆಗೆ ಅವಳಿಗೆ ಮುತ್ತು ಕಟ್ಟುವುದೆಂದು ಅಕ್ಕೋರ ತಾಯಿ ಗೊತ್ತುಮಾಡಿದ್ದಳು. ಅದನ್ನು ತಡೆಯಿರೆಂದು ಕೇಳಲು ದುರುಗವ್ವ ಬಂದಿರಲಿಲ್ಲ. ಹೇಳಿ ಹೋಗಲು ಬಂದಿದ್ದಳು, ಅಷ್ಟೇ. ಅಕ್ಕೋರು ಮಗಳನ್ನು ನನಗೆ ಕೊಡು ಎಂದರು. ದುರುಗವ್ವ ದನಿ ಏರಿಸದೆ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ: "ನೀ ಒಲ್ಲೆ ಅಂದಿ, ನನ್ನ ಪಾಲಿಗೆ ಬಂತು. ಇಕಿ ಒಲ್ಲೆ ಅಂದ್ರ ಯಾರ ಪಾಲಿಗೆ ಹೋಗ್ಬೇಕಕ್ಕ?"

ಪೊಲೀಸರಿಗೆ ತಿಳಿಸೋಣ, ಈಗ ಕಾನೂನಿದೆ ಎಂದೆ ನಾನು. ಅಕ್ಕೋರು ಅದನ್ನು ಆಗಲೇ ಯೋಚಿಸಿ ಬಿಟ್ಟಿದ್ದರು. ಪೊಲೀಸರು ಬಂದರೆ ಮುದುಕಿಯನ್ನೂ ತಂಗಿಯನ್ನೂ ಒಯ್ಯುತ್ತಾರೆ. ನಾಲ್ಕು ದಿನ ಬಿಟ್ಟು ಯಾರೋ ನೆಂಟರು ಹುಡುಗಿಯನ್ನು ಆಂಧ್ರದ ಕಡೆ ಕರೆದೊಯ್ದು ಕಟ್ಟಿಸುತ್ತಾರೆ. ಅಂಥವನ್ನು ಅವರು ನೋಡಿದ್ದರು.

ಭಾನುವಾರ ಇಬ್ಬರೂ ಗುಡೇಕೋಟೆ ಬಸ್ಸು ಹತ್ತಿ, ಇಳಿದು, ಬಂಡೆಗಳ ನಡುವಿನ ಕಾಲುದಾರಿ ಹಿಡಿದೆವು. ಆ ತಾಯಿಯನ್ನು ನಾನು ಕಂಡದ್ದು ಆಗಲೇ ಮೊದಲು. ಕಣ್ಣು ಮಂಜಾಗಿದ್ದ ಸಣ್ಣ ಮುದುಕಿ, ನೆಟ್ಟಗೆ ಕೂತಿದ್ದಳು. ಮಗಳು ಎಷ್ಟು ಹೊತ್ತು ಮಾತಾಡಿದರೂ ಅಡ್ಡ ಬರಲಿಲ್ಲ. ಎಲ್ಲ ಮುಗಿದ ಮೇಲೆ, ದೇವಿಗೆ ತಾನು ಹೇಳಿಕೊಂಡಿದ್ದ ಹೆಸರು ಹುಲಿಗೆಮ್ಮನದೂ ಅಲ್ಲ, ದುರುಗವ್ವನದೂ ಅಲ್ಲ ಎಂದಳು. ಯಾರ ಹೆಸರು ಹೇಳಿಕೊಂಡಿತ್ತೋ ಅವಳು ಬರಲಿಲ್ಲ, ಅದಕ್ಕೇ ಈ ಮನೆಗೆ ಕೆಮ್ಮು, ಕುರುಡು ಎಲ್ಲ ಬಂದಿದೆ. "ಹುಡುಗಿನ್ನ ಒಯ್ಯಿ. ನಿನ್ನ ಕೊರಳು ಕೊಟ್ಟು ಒಯ್ಯಿ," ಎಂದಳು.

ನಾನು ಎದ್ದು ನಿಂತೆ. ಇದು ಮುಗಿಯದ ಮಾತು, ಹೋಗೋಣ ನಡೆಯಿರಿ ಎಂದೆ. ಅಕ್ಕೋರು ಏಳಲಿಲ್ಲ. ಮೂಲೆಯಲ್ಲಿ ಹುಲಿಗೆಮ್ಮ ಮೊಣಕಾಲು ಅಪ್ಪಿಕೊಂಡು ಕೂತು ನಮ್ಮನ್ನೇ ನೋಡುತ್ತಿದ್ದಳು. ಅವಳ ಕಡೆ ಒಮ್ಮೆ ನೋಡಿ, ಸರಿ ಎಂದರು.

ಹುಣ್ಣಿಮೆಗೆ ಕಾಯಲಿಲ್ಲ. ಪೂಜೆ, ಜನ ಏನೂ ಇಲ್ಲದೆ, ಆ ಮಧ್ಯಾಹ್ನವೇ, ಬಾಲ್ಯದಲ್ಲಿ ಚೌಕಟ್ಟು ಹಿಡಿದು ಯಾವ ಮುತ್ತನ್ನು ಒಲ್ಲೆ ಎಂದಿದ್ದರೋ ಅದನ್ನು ನಲವತ್ತು ದಾಟಿದ ಆ ಹೆಂಗಸು ತಲೆ ಬಗ್ಗಿಸಿ ಕಟ್ಟಿಸಿಕೊಂಡರು. ಮುದುಕಿಗೆ ಕಣ್ಣು ಕಾಣದು. ದಾರದ ಗಂಟು ಹಾಕಿದವಳು ದುರುಗವ್ವ. ಹಾಕುವಾಗ ಅವಳು ಅಕ್ಕನ ಕಿವಿಯ ಹತ್ತಿರ ಹೇಳಿದಳು, "ಹಗುರ ಅದಾವಕ್ಕ. ಮೊದಮೊದಲು ಗೊತ್ತ ಆಗೂದಿಲ್ಲ."

ಹುಲಿಗೆಮ್ಮ ನಮ್ಮ ಜೊತೆಗೇ ಬಸ್ಸಿನಲ್ಲಿ ಬಂದಳು. ದಾರಿಯಲ್ಲಿ ನಾನು, ಈಗ ತೆಗೆದು ಎಸೆಯಿರಿ ಎಂದೆ. ಊರವರು ಸಂತೆಗೆ ಕೂಡ್ಲಿಗಿಗೇ ಬರುತ್ತಾರೆ, ಕೊರಳು ಖಾಲಿ ಕಂಡರೆ ಹುಡುಗಿಯನ್ನು ಎಳೆದೊಯ್ಯುತ್ತಾರೆ ಎಂದರು ಅಕ್ಕೋರು. ಹುಡುಗಿ ಮೊದಲು ಅವರ ಕೋಣೆಯಲ್ಲಿದ್ದಳು, ಆಮೇಲೆ ಬಳ್ಳಾರಿಯ ಹಾಸ್ಟೆಲಿಗೆ ಹೋದಳು. ಅವಳನ್ನು ಸೇರಿಸಿ ಬಂದ ದಿನ ಅಕ್ಕೋರು ನಗುತ್ತಿದ್ದರು. ಅವರ ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿದ್ದು ಅವತ್ತೊಂದು ದಿನ.

ಮುತ್ತು ಎಷ್ಟು ದಿನ ಸೆರಗಿನಲ್ಲಿ ಅಡಗೀತು? ಹುಡುಗಿಯರು ಕಂಡರು, ಮನೆಯಲ್ಲಿ ಹೇಳಿದರು. ಶಾಲು ಹೊದಿಸಿದವರೇ ಈಗ ಓದಿದವಳಾಗಿ ಹೀಗೆ ಮಾಡಬಹುದೇ ಎಂದರು. ಊರಿನ ಕೆಲವು ಪ್ರಗತಿಪರ ಯುವಕರು ಮೇಲಿನವರಿಗೆ ಅರ್ಜಿ ಹಾಕಿದರು. ವಿಚಾರಣೆಗೆ ಬಂದ ಅಧಿಕಾರಿ ಒಳ್ಳೆಯವರೇ. ಕಟ್ಟಿದವರು ಯಾರು, ಬಲವಂತ ಮಾಡಿದವರು ಯಾರು, ಹೆಸರು ಹೇಳಿದರೆ ನಿಮ್ಮ ಮೇಲೆ ಏನೂ ಬಾರದ ಹಾಗೆ ನೋಡಿಕೊಳ್ಳುತ್ತೇನೆ ಎಂದರು. ನನ್ನ ಕೈಯಾರೆ ನಾನೇ ಕಟ್ಟಿಕೊಂಡೆ ಎಂದರು ಅಕ್ಕೋರು. ಎಷ್ಟು ಸಲ ಕೇಳಿದರೂ ಅಷ್ಟೇ. ನಾನು ಹೇಳುತ್ತೇನೆ ಎಂದು ಹೊರಟಾಗ ನನ್ನ ಮುಂಗೈ ಹಿಡಿದು, ನಿಮ್ಮ ಕಾಲಿಗೆ ಬೀಳುತ್ತೇನೆ, ನನ್ನ ತಂಗಿ ಜೈಲಿಗೆ ಹೋಗುತ್ತಾಳೆ ಎಂದರು. ಮಕ್ಕಳಿಗೆ ಕೆಟ್ಟ ಮೇಲ್ಪಂಕ್ತಿಯಾದರು ಎಂದು ಅವರನ್ನು ಹರಪನಹಳ್ಳಿಯ ಆಚೆಯ ಒಂದು ಹಳ್ಳಿ ಶಾಲೆಗೆ ವರ್ಗ ಮಾಡಿದರು. ಗಾಡಿ ಗಾಲಿಯ ಸಾಬರು ಟ್ರಂಕು ಹೊತ್ತು ಬಸ್ಸಿಗೇರಿಸಿದರು. ಬೀಳ್ಕೊಡಲು ಬಂದವರು ನಾವಿಬ್ಬರೇ.

ಅಲ್ಲಿಂದ ಅವರು ತಿಂಗಳಿಗೊಮ್ಮೆ ತಾಯಿಯ ಮನೆಗೆ ಹೋಗುವಾಗ ಕೂಡ್ಲಿಗಿಯಲ್ಲಿ ಇಳಿದು ನನ್ನ ಮನೆಯಲ್ಲಿ ಊಟ ಮಾಡುತ್ತಿದ್ದರು. ಹುಲಿಗೆಮ್ಮನನ್ನು ಮಾತ್ರ ಆ ಊರಿಗೆ ಒಮ್ಮೆಯೂ ಕಳಿಸಲಿಲ್ಲ. ರಜೆಯಲ್ಲಿ ತಾವೇ ಬಳ್ಳಾರಿಗೆ ಹೋಗುತ್ತಿದ್ದರು. ಅವ್ವನನ್ನು ನೋಡಬೇಕು ಎಂದು ಹುಡುಗಿ ಅತ್ತರೆ, ಓದು ಮುಗಿಯಲಿ ಎನ್ನುತ್ತಿದ್ದರು. ಹುಡುಗಿ ಮೆಟ್ರಿಕ್ ಪಾಸಾಗಿ ನರ್ಸಿಂಗ್ ತರಬೇತಿಗೆ ಸೇರಿದಳು.

ಆ ವರ್ಷವೇ ದುರುಗವ್ವನ ಕೆಮ್ಮು ರಕ್ತಕ್ಕೆ ತಿರುಗಿತು. ಅಕ್ಕೋರು ರಜೆ ಹಾಕಿ ಬಂದರು. ಒಬ್ಬರೇ ಹೋಗುವುದು ಬೇಡವೆಂದು ನಾನೂ ಜೊತೆಗೆ ಹೋದೆ. ದುರುಗವ್ವ ಪಡಸಾಲೆಯಲ್ಲಿ ಚಾಪೆಯ ಮೇಲೆ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದಳು. ನಮ್ಮ ಹಿಂದೆ ಇನ್ನೂ ಯಾರಾದರೂ ಬರುತ್ತಾರೋ ಎಂದು ನೋಡಿದಳು. ಹುಲಿಗಿ ಎಲ್ಲಿ ಎಂದು ಕೇಳಿದಳು. ಪರೀಕ್ಷೆ ಇದೆ ಎಂದರು ಅಕ್ಕೋರು. ಪರೀಕ್ಷೆ ಇರಲಿಲ್ಲ.

ಮುದುಕಿ ಒಳಗಿನಿಂದಲೇ, ಮೊಮ್ಮಗಳನ್ನು ಕರೆಸು, ತಾಯಿಯ ಬಾಯಿಗೆ ನೀರು ಬಿಡಬೇಕಾದವಳು ಅವಳು ಎಂದಳು. ನಾನು ಅಕ್ಕೋರ ಮುಖ ನೋಡಿದೆ. ಅವರು ನೋಡುತ್ತಿದ್ದದ್ದು ಗೂಟದ ಕಡೆ. ಅಲ್ಲಿ ಹೊಸದೊಂದು ಹಸಿರು ಸೀರೆ ಮಡಿಚಿ ತೂಗುಹಾಕಿತ್ತು, ಅದರ ಮೇಲೆ ದಾರಕ್ಕೆ ಪೋಣಿಸಿದ ಹಸಿರು ಬಳೆ. ನಾವು ಹೊರಗೆ ಬಂದಾಗ, ನೋಡಿದಿರಾ, ಎಲ್ಲ ತಯಾರಿ ಮಾಡಿ ಇಟ್ಟಿದ್ದಾರೆ, ಹುಡುಗಿ ಈ ಹೊಸ್ತಿಲು ದಾಟಿದರೆ ಮುಗಿಯಿತು ಎಂದರು. ನನಗೂ ಹಾಗೆಯೇ ಕಂಡಿತು. ಆದರೂ ನಾವಿಬ್ಬರೂ ಜೊತೆಗಿದ್ದು ಒಂದು ಗಳಿಗೆ ಕರೆತಂದು ತೋರಿಸಿಬಿಡೋಣ ಎಂದೆ. ಒಪ್ಪಲಿಲ್ಲ.

ದುರುಗವ್ವ ನಾಲ್ಕು ದಿನ ಇದ್ದಳು. ದಿನವೂ ಕೇಳಿದಳು. ಕೊನೆಯ ದಿನ ಮಧ್ಯಾಹ್ನ ಅಕ್ಕೋರು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚದಲ್ಲಿ ಗಂಜಿ ಹಾಕುತ್ತಿದ್ದರು. ಅವಳು ಬಾಯಿ ತೆರೆಯದೆ ಅಕ್ಕನ ಮುಖವನ್ನೇ ಬಹಳ ಹೊತ್ತು ನೋಡಿದಳು. "ನಿನ್ನ ಹಠ ನನಗ ಗೊತ್ತೈತಿ ಬಿಡಕ್ಕ," ಎಂದು ಕಣ್ಣು ಮುಚ್ಚಿದಳು. ಸಿಟ್ಟಿನಿಂದ ಹೇಳಲಿಲ್ಲ. ಚಿಕ್ಕಂದಿನಿಂದ ತಿಳಿದದ್ದನ್ನು ಹೇಳುವ ಹಾಗೆ ಹೇಳಿದಳು. ಸೂರ್ಯ ಇಳಿಯುವ ಮೊದಲೇ ಹೋದಳು.

ಮರುದಿನ ಮಣ್ಣಿಗೆ ಒಯ್ಯುವ ಮೊದಲು ಕೇರಿಯ ಹೆಂಗಸರು ಮೈ ತೊಳೆದರು. ದೇವರಿಗೆ ಬಿಟ್ಟ ಬಸವಿಗೆ ವಿಧವೆತನವಿಲ್ಲ, ಅವಳು ಎಂದಿಗೂ ಮುತ್ತೈದೆ. ಮುತ್ತೈದೆಯ ಹಾಗೆಯೇ ಕಳಿಸಬೇಕು. ಒಬ್ಬಳು ಹೋಗಿ ಗೂಟದ ಮೇಲಿನ ಹಸಿರು ಸೀರೆ ತಂದಳು. ಅದನ್ನು ದುರುಗವ್ವನಿಗೆ ಉಡಿಸಿದರು. ಆ ಹಸಿರು ಬಳೆಗಳನ್ನು ಅವಳ ಕೈಗೆ ಏರಿಸಿದರು. ಸರಿಯಾಗಿ ಅವಳ ಅಳತೆಯವೇ. ಅಕ್ಕೋರು ಗೋಡೆಗೆ ಆತು ನಿಂತಿದ್ದರು. ಬಳೆ ಏರಿದ ಆ ಕೈಯನ್ನೇ ನೋಡುತ್ತ ಕೆಳಗೆ ಕೂತರು.

ಹಾಗೆಂದು ಅವರ ಭಯ ಸುಳ್ಳೆಂದೂ ಹೇಳಲಾರೆ. ಹೆಣ ಎತ್ತುವಾಗ ಮುದುಕಿ ಮಗಳ ಕೊರಳಿನ ಮುತ್ತು ಬಿಚ್ಚಿಸಿ ಕೈಯಲ್ಲಿ ಹಿಡಿದು, ಇವು ಮನೆ ಬಿಟ್ಟು ಹೋಗಬಾರದು, ಹುಲಿಗಿ ಬಂದಳೇನು ಎಂದು ಗಾಳಿಯನ್ನು ತಡವುತ್ತ ಕೇಳಿದಳು. ಅಕ್ಕೋರು ಎದ್ದು ಹೋಗಿ ಅವಳ ಬೆರಳು ಬಿಡಿಸಿ ಆ ಸರ ತೆಗೆದುಕೊಂಡರು. ಕುಣಿಯ ದಂಡೆಯಲ್ಲಿ ತಮ್ಮ ಕೊರಳಿನದನ್ನೂ ಹರಿದು, ಎರಡನ್ನೂ ತಂಗಿಯ ಎದೆಯ ಮೇಲಿಟ್ಟು, ಮೊದಲ ಹಿಡಿ ಮಣ್ಣು ತಾವೇ ಹಾಕಿದರು. ಯಾರೂ ತಡೆಯಲಿಲ್ಲ.

ಬಸ್ಸಿನಲ್ಲಿ ಬರುವಾಗ ಕಿಟಕಿಯ ಹೊರಗೆ ನೋಡುತ್ತ ಅವರು ಒಂದೇ ಮಾತು ಆಡಿದರು. "ಅಕಿ ಸರಿಯಾದ ಪದ ಹೇಳಿದ್ಲು ನೋಡ್ರಿ."

ಅಲ್ಲ, ಅದು ಹಠವಲ್ಲ ಎಂದು ನಾನು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಗೂಟದ ಸೀರೆ ನೆನಪಾಯಿತು.

ಹುಲಿಗೆಮ್ಮನಿಗೆ ತಿಳಿಸಲು ಅವರೇ ಬಳ್ಳಾರಿಗೆ ಹೋದರು. ಮುಚ್ಚಿಡಲಿಲ್ಲ. ಅವ್ವ ದಿನವೂ ಕೇಳಿದಳು, ನಾನೇ ಕರೆಸಲಿಲ್ಲ ಎಂದು ಹೇಳಿದರಂತೆ. ಹುಡುಗಿ ಅಳಲಿಲ್ಲವಂತೆ. "ನೀ ಗೆದ್ದಿ ದೊಡ್ಡವ್ವ. ನನಗ ಅವ್ವ ಇಲ್ಲದಂಗಾತು," ಎಂದು ಹಾಸ್ಟೆಲಿನ ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಮುಂದೆ ಅಕ್ಕೋರು ಹೋದಾಗಲೆಲ್ಲ ಡ್ಯೂಟಿ ಎಂದು ಹೇಳಿ ಕಳಿಸುತ್ತಿದ್ದಳು. ಮುದುಕಿ ಅದರ ಮುಂದಿನ ಬೇಸಿಗೆಯಲ್ಲಿ ಹೋದಳು. ಅಕ್ಕೋರು ಹರಪನ‌ಹಳ್ಳಿ ಕಡೆಯ ಆ ಹಳ್ಳಿಯಲ್ಲಿ ಪಾಠ ಹೇಳುತ್ತ ಒಬ್ಬರೇ ಉಳಿದರು. ನಾನು ಎರಡು ಸಲ ಹೋಗಿದ್ದೆ. ಪಾಠ ಮೊದಲಿನಷ್ಟೇ ಚೆನ್ನಾಗಿ ಹೇಳುತ್ತಿದ್ದರು. ಹಡಗಿನ ಪಾಠ ಬಂದರೆ ಆ ಪದವನ್ನು ಹೇಗೆ ಕಲಿಸುತ್ತೀರಿ ಎಂದು ಕೇಳಿದೆ. ಡಿಕ್ಷನರಿಯಲ್ಲಿರುವುದನ್ನು ಬೋರ್ಡಿನ ಮೇಲೆ ಬರೆದು ಮುಂದೆ ಹೋಗುತ್ತೇನೆ ಎಂದರು.

ಕೊಟ್ಟೂರಿನಲ್ಲಿ ಸುದ್ದಿ ಕೇಳಿದ ಮೇಲೆ ನಾನು ಹಡಗಲಿಗೆ ಹೋದೆ. ಹುಲಿಗೆಮ್ಮ ಅಲ್ಲಿನ ದವಾಖಾನೆಯಲ್ಲಿ ನರ್ಸ್ ಆಗಿದ್ದಾಳೆಂದು ಗೊತ್ತಿತ್ತು. ಬಿಳಿ ಸೀರೆಯಲ್ಲಿ ಹೊರಗೆ ಬಂದಳು. ನನ್ನನ್ನು ಗುರುತು ಹಿಡಿದು ಕಲ್ಲುಬೆಂಚಿನ ಮೇಲೆ ಕೂರಿಸಿ, ತಾನೂ ಕೂತಳು. ತರಗತಿಯಲ್ಲೇ ಲಕ್ವ ಹೊಡೆದು ಬಿದ್ದ ದೊಡ್ಡವ್ವನನ್ನು ಶಾಲೆಯವರು ಜೀಪಿನಲ್ಲಿ ಹಾಕಿಕೊಂಡು ತಂದರಂತೆ. ಅವತ್ತು ಇವಳದೇ ಡ್ಯೂಟಿ. ಮಾತು ಬಿದ್ದುಹೋಗಿತ್ತು, ಗುರುತು ಇತ್ತು. ವಾರದ ತನಕ ಮೈ ಒರೆಸಿದಳು, ತಲೆ ಬಾಚಿದಳು, ಮಗ್ಗುಲು ಹೊರಳಿಸಿದಳು. ಮಣ್ಣೂ ಇವಳೇ ಮಾಡಿಸಿದ್ದಳು.

"ನೀನಾದರೂ ಮಾತಾಡಿಸಿದೇನವ್ವ?" ಎಂದು ಕೇಳಿದೆ.

ಅವಳು ಇಲ್ಲವೆಂದು ತಲೆಯಾಡಿಸಿದಳು. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಉಗುರು ನೋಡುತ್ತ ಕೂತಳು. ಕೊಳಾಯಿಯ ಹತ್ತಿರ ಯಾರೋ ಕೊಡ ತುಂಬುತ್ತಿದ್ದರು.

"ಅಕಿ ಅಂಜಿದ್ದು ತಪ್ಪಲ್ಲ ಬಿಡ್ರಿ," ಎಂದಳು ಆಮೇಲೆ. "ನನ್ನ ಹೊಟ್ಟಿಲೆ ಒಂದು ಹೆಣ್ಣು ಹುಟ್ಟಿದ್ರ ನಾನೂ ಆ ಮನಿಗೆ ಕಳಸ್ತಿರಲಿಲ್ಲ. ಆದ್ರ ನಮ್ಮವ್ವ ಬಾಗಲಾ ನೋಡ್ಕೋಂತ ಸತ್ಲು. ಎರಡೂ ಖರೇನ ಐತಿ, ಅಕ್ಕೋರೆ. ನಾ ಯಾವುದನ್ನ ಬಿಡ್ಲಿ?"

ಒಳಗಿನಿಂದ ಯಾರೋ ಸಿಸ್ಟರ್ ಎಂದು ಕರೆದರು. ಇನ್ನೊಮ್ಮೆ ಕರೆದರು. ಅವಳು ಎದ್ದು ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.